ಸಮಯ ಸಮನ್ವಯ ಉಪಸಮಿತಿ ನುಂಗಿದ ಸೋಬಾನೆ ಪದ

ಲಾರೆನ್ಸ್‌ವಿಲ್, ಏಪ್ರಿಲ್ ೧೯೯೫

ನಮ್ಮ ಕನ್ನಡ ಸಂಘಗಳ ಸಮಯ ಸಮನ್ವಯ ಉಪಸಮಿತಿಯ ಅಧ್ಯಕ್ಷರೂ ಸಕಲ ಗಡಿಯಾರಗಳ ಹಿತೈಷಿಗಳೂ ಆದ ಶ್ಯಾಂಟಿಲಿಯ ಡಾಕ್ಟರ್ ಶ್ರೀಕರ್ ಅವರ ಸನ್ನಿಧಾನಕ್ಕೆ ಗುರುಸಿದ್ದಪ್ಪನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಾವು ಈ ದೇಶಕ್ಕೆ ಬಂದಾಗಿನಿಂದ ವಾಷಿಂಗ್ಟನ್, ಅಟ್ಲಾಂಟಾ, ಕ್ಯಾರೊಲೈನಾಗಳ ಗಡಿಯಾರಗಳು ಒಂದೇ ಹೊತ್ತು ತೋರಿಸುತ್ತಿದ್ದರೂ, ಅವುಗಳ ನಡುವೆ ಹೊಂದಾಣಿಕೆ ತರಲು ತಾವು ಚಳಿಗಾಲವಿಡೀ ಫೋನಿನಲ್ಲಿ ಸಭೆ ನಡೆಸಿದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಇಲ್ಲದ ಜಗಳಕ್ಕೆ ಪಂಚಾಯಿತಿ ಮಾಡಲು ಎಂಥ ತಾಳ್ಮೆ ಬೇಕು!

ಏಪ್ರಿಲ್‌ನ ಮೊದಲ ರವಿವಾರ ಬೇಸಿಗೆಯ ಸರ್ಕಾರಿ ನಿಯಮದಂತೆ ದೇಶವೆಲ್ಲ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಅಂದೇ ಚಾರ್ಲಟ್‌ನಲ್ಲಿ ನಮ್ಮ ಯುಗಾದಿ ಕಾರ್ಯಕ್ರಮವಿದ್ದುದರಿಂದ, ದೂರದಿಂದ ಡ್ರೈವ್ ಮಾಡಿಕೊಂಡು ಬರುವವರ ನಿದ್ದೆ ಕೆಡದಿರಲೆಂದು, ಊಟ ಮುಗಿಯುವವರೆಗೆ ಸದಸ್ಯರೆಲ್ಲರೂ ಹಳೆಯ ಸಮಯವನ್ನೇ ಪಾಲಿಸತಕ್ಕದ್ದೆಂದು ತಾವು ಸುತ್ತೋಲೆ ಹೊರಡಿಸಿದಿರಿ. ಅಮೆರಿಕ ಸರ್ಕಾರಕ್ಕೇ ಊಟದವರೆಗೆ ಕಾಯಿರಿ ಎಂದ ಗಂಡೆದೆ ತಮ್ಮದು. ಆದರೆ ಈ ಠರಾವನ್ನು ಬಾಡಿಗೆ ಸಭಾಂಗಣದವರಿಗೆ ತಿಳಿಸಲು ಮರೆತಿರಿ. ಅವರು ತಮ್ಮ ಗಡಿಯಾರದಲ್ಲಿ ಹನ್ನೆರಡು ಹೊಡೆದ ಕೂಡಲೇ ನಮ್ಮ ಬಾಡಿಗೆಯ ಅವಧಿ ಮುಗಿಯಿತೆಂದು ಮೈಕ್ ಆರಿಸಿ, ನಮ್ಮನ್ನೆಲ್ಲ ಚಿತ್ರಾನ್ನದ ಪಾತ್ರೆಗಳ ಸಮೇತ ಪಾರ್ಕಿಂಗ್ ಲಾಟಿಗೆ ಸಾಗಹಾಕಿದರು. ನಮ್ಮ ಕೈಗಡಿಯಾರಗಳಲ್ಲಿ ಆಗಿನ್ನೂ ಹನ್ನೊಂದು. ಪುಣ್ಯಕ್ಕೆ, ಅಷ್ಟರಲ್ಲಿ ತಾವು ತಮ್ಮ ಉಪಸಮಿತಿಯ ವರದಿಯನ್ನು ಪೂರ್ತಿ ಓದಿ ಮುಗಿಸಿದ್ದಿರಿ.

ಮೈಕ್ ಆರಿದಾಗ ಅದರ ಮುಂದೆ ನಿಂತಿದ್ದವಳು ನನ್ನ ಅಕ್ಕ ಮಹಾದೇವಕ್ಕ. ಗದಗಿನಿಂದ ನಮ್ಮನ್ನು ನೋಡಲು ಬಂದಿದ್ದ ಅವಳು, ಇಲ್ಲಿನ ನಮ್ಮ ಜನರ ಮುಂದೆ ಒಮ್ಮೆಯಾದರೂ ಸೋಬಾನೆ ಪದ ಹಾಡಬೇಕೆಂದು ತಿಂಗಳಿಂದ ನಮ್ಮ ಅಡುಗೆಮನೆಯಲ್ಲಿ ದನಿ ಹದ ಮಾಡಿಕೊಂಡಿದ್ದಳು. ಮರುದಿನ ವಿಮಾನ ಹತ್ತುವವಳು. ತೆರೆದ ಬಾಯಿ ಮುಚ್ಚಿಕೊಂಡು ಹೊರಬಂದಳು.

ಆದಕಾರಣ ತಾವು ದಯಮಾಡಿ ಆ ವಿಮಾನವನ್ನು ವಾಪಸು ಕರೆಸಿ, ಆ ರವಿವಾರವನ್ನು ಹಿಂದಕ್ಕೆಳೆದು ತಂದು, ನಮ್ಮವರೆಲ್ಲರನ್ನೂ ಕೂರಿಸಿ, ಅಕ್ಕನ ಕೈಗೆ ಮೈಕ್ ಕೊಡಿಸಬೇಕು. ಇಡೀ ದೇಶದ ಹೊತ್ತನ್ನು ಊಟದವರೆಗೆ ತಡೆದು ನಿಲ್ಲಿಸಿದ ತಮಗೆ ಇದು ಯಾವ ಲೆಕ್ಕ?

ಇನ್ನೂ ಸರ್ಕಾರದ ಸಮಯದಲ್ಲೇ ಬದುಕುತ್ತಿರುವ,
ತಮ್ಮ ವಿಶ್ವಾಸಿ
ಗುರುಸಿದ್ದಪ್ಪ

ತಾ.ಕ.: ಸಭಾಂಗಣದಲ್ಲಿ ನಮ್ಮ ನಂತರ ಇದ್ದದ್ದು ಆ ಊರಿನ ಅಮೆರಿಕನ್ನರೊಬ್ಬರ ಮದುವೆ. ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಅಕ್ಕನನ್ನು ಕಂಡ ಮದುಮಗಳ ತಾಯಿ, ನನ್ನಿಂದ ಸಂಗತಿ ತಿಳಿದು, ಅವಳನ್ನು ಕೈಹಿಡಿದು ಒಳಗೆ ಕರೆದೊಯ್ದು ಅದೇ ಮೈಕಿನ ಮುಂದೆ ನಿಲ್ಲಿಸಿದರು. “ಯಾರ ಮದವಿ ಆದ್ರೇನು, ಹಾಡೇ ಬರ್ತೀನಿ ತಡಿ ತಮ್ಮಾ” ಎಂದು ಹೋದವಳು ಪದವನ್ನು ಪೂರ್ತಿ ಹಾಡಿಯೇ ಬಂದಳು. ತಾವು ಆಗ ಕಾರಿನ ಟ್ರಂಕ್ ತೆರೆದು ಚಿತ್ರಾನ್ನ ಬಡಿಸುತ್ತಿದ್ದಿರಿ. ಬಾಗಿಲ ಸಂದಿಯಿಂದ ಒಂದೆರಡು ಸಾಲು ತಮ್ಮ ಕಿವಿಗೂ ಬಿದ್ದಿದ್ದರೆ, ದಯವಿಟ್ಟು ಅದನ್ನು ಸಂಘದ ಕಾರ್ಯಕ್ರಮವೆಂದು ವಾರ್ಷಿಕ ವರದಿಯಲ್ಲಿ ಬರೆದುಕೊಳ್ಳಬೇಡಿ.