ತಪ್ಪು ಹಿಡಿಯುವ ಕಾಕಾ ಮತ್ತು ಅತನೂರಿನ ಓಟಗಾರ

ನಮ್ಮ ಕಾಕಾ ಎದುರಿಗೆ ಬಂದರೆ ಅರ್ಧ ಅಫಜಲಪುರ ಪಕ್ಕದ ಓಣಿಗೆ ಹೊರಳಿಕೊಳ್ಳುತ್ತಿತ್ತು! ಹಾಗೆಂದು ಆತ ಗೂಂಡಾ ಅಲ್ಲ, ಪೊಲೀಸನೂ ಅಲ್ಲ. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು, ಸುತ್ತಿನ ಹಳ್ಳಿಗಳ ಕಬಡ್ಡಿಗೆಲ್ಲ ಪಂಚ. ಆಟದಲ್ಲಿ ತಪ್ಪು ಹಿಡಿಯುವುದು ಪಂಚನ ಕೆಲಸ, ಒಪ್ಪೋಣ. ಚಹಾದಂಗಡಿಯಲ್ಲಿ? ಸತ್ತವರ ಮನೆಯಲ್ಲಿ? ತನಗೇ ಹೆಣ್ಣು ನೋಡಲು ಹೋದ ಕಡೆ, "ಹುಡುಗಿ ಛಲೋ ಅದಾಳ್ರಿ, ಆದ್ರ ನಿಮ್ಮ ಬಾಗಿಲ ಚೌಕಟ್ಟು ಸೊಟ್ಟ ಅದ" ಎಂದು ಹೇಳಿ ಬಂದನಂತೆ. ಮದುವೆ ಅಲ್ಲಿಗೇ ಮುಗಿಯಿತು. ಆಮೇಲೆ ಯಾರೂ ಚೌಕಟ್ಟು ತೋರಿಸುವ ಧೈರ್ಯ ಮಾಡಲಿಲ್ಲ.

ಆಳಂದದಲ್ಲಿ ನನ್ನ ಮದುವೆ. ಸ್ವಾಮಿಗಳು ಮಂತ್ರ ಮುಗಿಸುವ ಮುಂಚೆಯೇ ಜೇವರ್ಗಿಯ ಬೀಗರು ಅಕ್ಕಿಕಾಳು ಹಾಕಿಬಿಟ್ಟರು. ಕಾಕಾ ಹಂದರದ ನಡುವೆ ಎದ್ದು ನಿಂತ. "ತಪ್ಪಾತು! ಮತ್ತೊಮ್ಮಿ ಹಾಕ್ರಿ!" ಹಾಕಿಸಿಯೇ ಬಿಟ್ಟ! ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಅನುಭವಿಸಿದ ಗಂಡಸು ತಾನೊಬ್ಬನೇ ಎಂದು ನಮ್ಮ ಯಜಮಾನರು ಈಗಲೂ ಹೇಳುತ್ತಾರೆ.

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಬುದ್ಧಿಮಾಂದ್ಯರಿಗೆ ಆಟ ಕಲಿಸುವ ಸಣ್ಣ ಸಂಸ್ಥೆಯೊಂದು ಅಫಜಲಪುರದ ಶಾಲೆಯ ಮೈದಾನದಲ್ಲಿ ವಾರಕ್ಕೊಮ್ಮೆ ಸೇರತೊಡಗಿತು. ಅದನ್ನು ನಡೆಸುತ್ತಿದ್ದ ಟೀಚರಬಾಯಿ ಗುಲಬರ್ಗಾದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೈಜೋಡಿಸುವವರು ಬೇಕೆಂದು ಅವರು ಊರೆಲ್ಲ ಕೇಳಿದಾಗ, ಯಾರೋ ಕಿಡಿಗೇಡಿಗಳು ಕಾಕಾನ ಮನೆ ತೋರಿಸಿದರು. ಇಬ್ಬರೂ ಕೊಡುವ ತಲೆನೋವು ಊರಿಗೆ ಒಮ್ಮೆಲೇ ತಪ್ಪುತ್ತದೆ ಎಂಬ ಲೆಕ್ಕ!

ಮೊದಲ ದಿನ ಓಟವಾಯಿತು. ಬಿದ್ದವರಿಗೆ, ಎದ್ದವರಿಗೆ, ಓಡದೆ ಕೂತವರಿಗೆ, ಎಲ್ಲರಿಗೂ ಟೀಚರಬಾಯಿ ಪೆಪ್ಪರಮಿಂಟು ಹಂಚಿದರು. ಕಾಕಾನಿಗೆ ತಡೆಯಲಾಗಲಿಲ್ಲ.

"ಎಲ್ಲಾರೂ ಪೈಲಾ ನಂಬರ್ ಹ್ಯಾಂಗ ಬರ್ತಾರ್ರಿ? ಇದು ಆಟನೋ, ಪ್ರಸಾದನೋ?"

"ಪಾಪ ಸರ್, ಅವರಿಗೆ ತಿಳಿಯೋದಿಲ್ಲ."

"ತಿಳಿಯಂಗಿಲ್ಲಂತ ನಿಮಗ ಹ್ಯಾಂಗ ತಿಳೀತು?"

ಮುಂದಿನ ವಾರದಿಂದ ಸುಣ್ಣದ ಗೆರೆಗಳು ಬಂದವು. ಗೆರೆ ದಾಟಿದವರು ಹೊರಗೆ! ತಾಯಂದಿರು ಅತ್ತರು, ಟೀಚರಬಾಯಿ ಬೇಡಿಕೊಂಡರು. ಕಾಕಾ ಜಗ್ಗಲಿಲ್ಲ.

ಆ ಗುಂಪಿನಲ್ಲಿ ಅತನೂರಿನ ಶಿವಪ್ಪ ಇದ್ದ. ಮೂವತ್ತು ದಾಟಿದ ಗಂಡಸು. ಎಲ್ಲಿಯಾದರೂ ಹೋದಾನೆಂದು ಅಣ್ಣಂದಿರು ಅವನನ್ನು ದನಗಳ ಜೊತೆ ಕಟ್ಟುತ್ತಿದ್ದರು. ಕಾಲಿನ ಗಿಣ್ಣಿನಲ್ಲಿ ಹಗ್ಗದ ಕಲೆ ಕಪ್ಪಗೆ ಕೂತಿತ್ತು. ಮುದುಕಿ ತಾಯಿ ಅವರೊಡನೆ ಜಗಳಾಡಿ ವಾರಕ್ಕೊಮ್ಮೆ ಬಿಡಿಸಿಕೊಂಡು ಬರುತ್ತಿದ್ದಳು. ಶಿವಪ್ಪನೋ, ಸೀಟಿ ಊದುವ ಮುಂಚೆಯೇ ಓಟ ಕೀಳುವವನು! "ಏ ಶಿವಪ್ಪಾ, ತಪ್ಪು! ಹಿಂದಕ್ಕ ಬಾ!" ಎಂದು ಕಾಕಾ ಇಡೀ ಮಧ್ಯಾಹ್ನ ಒದರುತ್ತಿದ್ದ. ಬೈದಷ್ಟೂ ಶಿವಪ್ಪ ನಗುತ್ತಿದ್ದ. ಒಂದು ದಿನ ತಾಯಿ ಹತ್ತಿರ ಬಂದಳು. ಇನ್ನು ತನ್ನನ್ನೇ ಬೈಯುತ್ತಾಳೆಂದು ಕಾಕಾ ಸಿದ್ಧನಾದ.

"ಮಾಸ್ತರ್ರ, ಎಲ್ಲಾರೂ ಹುಚ್ಚ ಅಂತಾರ್ರಿ. ನನ್ನ ಮಗನ್ನ ಹೆಸರ ಹಿಡದು ಬೈದವ್ರು ನೀವೇ ಮೊದಲ್ರಿ."

ಆವತ್ತು ಕಾಕಾನಿಗೆ ಯಾರಲ್ಲೂ ತಪ್ಪು ಸಿಗಲಿಲ್ಲವಂತೆ.

ಆ ಚಳಿಗಾಲ ನಮ್ಮ ಜೇವರ್ಗಿಯ ಮೈದಾನದಲ್ಲಿ ಸ್ಪರ್ಧೆ ಇಟ್ಟರು. ನಾನೂ ಹೋಗಿದ್ದೆ. ಶಿವಪ್ಪ ಎಲ್ಲರಿಗಿಂತ ಮುಂದೆ ಬಂದ, ಆದರೆ ನಡುವೆ ಗೆರೆ ದಾಟಿದ್ದ. ಮುಖ್ಯ ಅತಿಥಿಗಳು ಅವನ ಕೊರಳಿಗೆ ಹಾಕಿದ ಮಾಲೆಯನ್ನು ಕಾಕಾ ತೆಗೆದು ಅತಿಥಿಗಳ ಕೈಗೇ ಇಟ್ಟ. "ಗೆರಿ ದಾಟ್ಯಾನ್ರಿ. ಮತ್ತೊಮ್ಮಿ ಓಡ್ತಾನ." ಜನ ಛೀ ಎಂದರು. ಶಿವಪ್ಪ ಮಾತ್ರ ಹೋಗಿ ಸಾಲಿನಲ್ಲಿ ನಿಂತ. ಸೀಟಿಗಾಗಿ ಕಾದ. ಎರಡು ಗೆರೆಗಳ ನಡುವೆ ಬಾಣದಂತೆ ಓಡಿದ. ಗೆದ್ದ! ಛೀ ಎಂದವರೇ ಕೂಗಿ ಕುಣಿದರು.

ಅವನ ಅಣ್ಣಂದಿರೂ ಬಂದಿದ್ದರು. ಅವರು ಚಪ್ಪಾಳೆ ಹೊಡೆಯಲಿಲ್ಲ. ಸಂತೆಯಲ್ಲಿ ಎತ್ತಿನ ಕಾಲು ನೋಡುವವರ ಹಾಗೆ ತಮ್ಮನ ಮೀನಖಂಡ ನೋಡುತ್ತ ನಿಂತಿದ್ದರು.

ಮುಂದಿನ ವಾರ ಶಿವಪ್ಪ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬೇಸಿಗೆಯಲ್ಲಿ ನಾನು ಅಫಜಲಪುರಕ್ಕೆ ಹೋಗಿದ್ದಾಗ ಅವನ ತಾಯಿ ಒಬ್ಬಳೇ ಕಾಕಾನ ಮನೆಗೆ ಬಂದಳು.

"ಮಣ್ಣೂರಿನ ಕಡಿ ಇಟ್ಟಂಗಿ ಭಟ್ಟಿಗಿ ಕಳಿಸ್ಯಾರ್ರಿ. ಇಷ್ಟ್ ಓಡಾವ ಇಟ್ಟಂಗಿ ಹೊರಂಗಿಲ್ಲೇನು ಅಂದ್ರು. ಇಂವಗ ಎಲ್ಲಾ ತಿಳೀತದಂತ ಮಾಸ್ತರ್ರೇ ಅಂದಾರಲ್ಲ, ಅಂದ್ರು."

ಕಾಕಾ ಎದ್ದು ಚಪ್ಪಲಿ ಮೆಟ್ಟಿ ಬಸ್ಸಿನ ಕಡೆ ಹೊರಟ. ನಾನೂ ಬೆನ್ನುಹತ್ತಿದೆ. ಬಸ್ಸು ಹತ್ತಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿ, "ಇಂವ ಓಡ್ತಾನಂತ ತೋರ್ಸಿದಾಂವ ನಾನೇ ಅಲಾ ತಂಗೀ" ಎಂದ.

ಭೀಮಾ ನದಿಯ ದಂಡೆಯ ಮೇಲೆ ಇಟ್ಟಿಗೆ ಸುಡುವ ಭಟ್ಟಿ ಹೊಗೆಯಾಡುತ್ತಿತ್ತು. ಶಿವಪ್ಪ ತಲೆಯ ಮೇಲೆ ಇಟ್ಟಂಗಿ ಹೊತ್ತು ಕುಂಟುತ್ತ ಓಡುತ್ತಿದ್ದ. ಎಡಗಾಲಿಗೆ ಸುತ್ತಿದ್ದ ಅರಿವೆ ರಕ್ತದಲ್ಲಿ ಒಣಗಿ ಕಪ್ಪಾಗಿತ್ತು. ಕಾಲ ಮೇಲೆ ಇಟ್ಟಂಗಿ ಬಿದ್ದು ವಾರವಾಗಿತ್ತಂತೆ. ಕೂಲಿಗಳ ಮೇಲ್ವಿಚಾರಕ ಮುಕಾದಮ ಹೆಮ್ಮೆಯಿಂದ ಹೇಳಿದ: "ಕುಂಟತಾನ್ರಿ, ಆದ್ರ ನಿಂದ್ರಂಗಿಲ್ಲ. ಓಡು ಅಂದ್ರ ಓಡ್ತಾನ!"

ಕಾಕಾ ಕೂಗಾಡಲಿಲ್ಲ. ಹೋಗಿ ಅವನ ತಲೆಯಿಂದ ಇಟ್ಟಂಗಿಗಳನ್ನು ಒಂದೊಂದಾಗಿ ಇಳಿಸಿದ. "ಸಾಕು ಶಿವಪ್ಪಾ. ನಡಿ ಮನಿಗಿ."

"ಅವರಣ್ಣಗ ಏನ್ ಹೇಳ್ಲಿ? ಪೊಲೀಸ್ರನ್ನ ಕರೀತೇನಿ ನೋಡ್ರಿ!" ಎಂದ ಮುಕಾದಮ.

"ಕರಿ ಪೊಲೀಸ್ರನ್ನ. ಈ ಕಾಲು ಅವ್ರಿಗೂ ತೋರಿಸೂನು."

ಮುಕಾದಮ ಬೇರೆ ಕಡೆ ನೋಡಿದ. ಬಸ್ ರಸ್ತೆಯವರೆಗೆ ಕಾಕಾ ಶಿವಪ್ಪನನ್ನು ಬೆನ್ನ ಮೇಲೆ ಹೊತ್ತ. ಆಸ್ಪತ್ರೆಯಲ್ಲಿ ಎಡಗಾಲಿನ ಬೆರಳುಗಳನ್ನು ತೆಗೆದರು. ಅಣ್ಣಂದಿರು ಬಂದು ನೋಡಿ, "ಈ ಕುಂಟನ್ನ ತಗೊಂಡು ಏನ್ ಮಾಡೂಣ್ರಿ" ಎಂದು ಹೊರಟುಹೋದರು. ಶಿವಪ್ಪ ಕಾಕಾನ ಮನೆಯಲ್ಲೇ ಉಳಿದ. ಮತ್ತೆಂದೂ ಓಡಲಿಲ್ಲ. ವಾರಕ್ಕೊಮ್ಮೆ ಮೈದಾನಕ್ಕೆ ಹೋಗಿ ಗೆರೆ ಎಳೆಯಲು ಸುಣ್ಣದ ಬುಟ್ಟಿ ಹಿಡಿದುಕೊಳ್ಳುತ್ತಿದ್ದ, ಅಷ್ಟೆ.

ಒಂದು ಮಧ್ಯಾಹ್ನ ತಾಯಿ ಬುತ್ತಿ ಕಟ್ಟಿಕೊಂಡು ಅತನೂರಿನಿಂದ ಬಂದಳು. ನಾನಲ್ಲಿದ್ದೆ. ಕಾಕಾ ಅಂಗಳದಲ್ಲಿ ಕೂತು ಶಿವಪ್ಪನ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಅವಳಿಗೆ ಸಂಕೋಚವಾಯಿತು.

"ನನ್ನ ಮಗನ ಸಲುವಾಗಿ ನಿಮಗ ಎಷ್ಟ್ ತ್ರಾಸ್ರಿ, ಮಾಸ್ತರ್ರ."

ಕಾಕಾ ತಲೆ ಎತ್ತಲಿಲ್ಲ.

"ತ್ರಾಸೇನ್ ಬಂತಬೇ ಯವ್ವಾ. ಮುಂಜಾನೆದ್ದು ನನ್ನ ಮಾರಿ ನೋಡಿ ನಗಾವ್ರು ಈ ಊರಾಗ ಇಂವ ಬಿಟ್ರ ಯಾರದಾರ?"

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಬುತ್ತಿ ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಲೆ ತೆಗೆದು ಇಬ್ಬರಿಗೂ ಒಂದೇ ತಾಟಿನಲ್ಲಿ ಬಡಿಸಿದಳು.