ಸೊಳ್ಳೆಗೆ ಹಾಕಿದ ಹೊಗೆ

ಗಡಿಯಾರ ರಿಪೇರಿಯವನಿಗೆ ಹೊಗೆಯಲ್ಲಿ ಬೇಯಿಸಿದ ಮೀನಿನ ಹುಚ್ಚು ಹಿಡಿದದ್ದೇ ಎಲ್ಲಕ್ಕೂ ಮೂಲ. ಮಹಡಿ ಮೇಲಿನ ಮನೆ ಓನರ್ ಮೊದಲೇ ಎಚ್ಚರಿಸಿದ್ದರು: "ಮೀನಿನ ವಾಸನೆ ಮೆಟ್ಟಿಲು ಹತ್ತಿದ ದಿನ ನಿನ್ನ ಗಂಟುಮೂಟೆ ಬೀದೀಲಿರುತ್ತೆ."

"ಮನೆ ಹೋದ್ರೆ ನಾನು ತವರಿಗೆ, ನೀವು ಅಂಗಡಿ ಬೆಂಚಿಗೆ," ಎಂದಿದ್ದಳು ಹೆಂಡತಿ.

ಆದರೂ ಬಾಯಿಚಪಲ ಕೇಳಬೇಕಲ್ಲ. ಭಾನುವಾರ ಓನರ್ ದಂಪತಿ ಮಗಳ ಮನೆಗೆ ಹೊರಟದ್ದನ್ನು ಕಿಟಕಿಯಿಂದ ಕಣ್ಣಾರೆ ನೋಡಿ, ಹಿತ್ತಲಲ್ಲಿ ಇದ್ದಿಲ ಒಲೆ ಹಚ್ಚಿದ. ದೊಡ್ಡ ತಗಡಿನ ಡಬ್ಬದ ತಳಕ್ಕೆ ಪಕ್ಕದ ಮನೆ ಬಡಗಿ ಕೊಟ್ಟ ಮರದ ಹೊಟ್ಟು, ಅದರ ಮೇಲೆ ಎರಡು ಜಾಲರಿ. ಕಾವು ಜಾಸ್ತಿ ಇರುವ ಕೆಳಗಿನದಕ್ಕೆ ದಪ್ಪ ಹಾವುಮೀನು, ಮೇಲಿನದಕ್ಕೆ ಬಂಗುಡೆ, ಸಂದಿಗೊಂದಿಗೆ ಸಣ್ಣ ಬೂತಾಯಿ ಮೀನು. ಮುಚ್ಚಳ ತೆಗೆಯದೆ ಕಾಯುವುದೊಂದೇ ಬಾಕಿ.

ಬಡಗಿ ಗೋಡೆ ಹಾರಿ ಬಂದ. "ನನ್ನ ಹೊಟ್ಟು ಹೆಂಗೆ ಹೊಗೆ ಬಿಡ್ತಿದೆ ನೋಡೋಣ," ಎಂದು ಮುಚ್ಚಳ ಎತ್ತಿದ. ಎದುರುಮನೆ ನರ್ಸಮ್ಮ ತಟ್ಟೆ ಹಿಡಿದೇ ಬಂದಳು. "ಅರೆಬೆಂದದ್ದು ತಿಂದು ನಾಳೆ ನನ್ನ ಹತ್ರಾನೇ ಬರ್ತೀರ," ಎಂದು ಅವಳೂ ಎತ್ತಿದಳು. ಎತ್ತಿದಾಗಲೆಲ್ಲ ಹೊಗೆ ಶಾಲೆ ಬಿಟ್ಟ ಮಕ್ಕಳ ಹಾಗೆ ಮಹಡಿಯತ್ತ ಓಡುತ್ತಿತ್ತು.

ಅಷ್ಟರಲ್ಲಿ ಗೇಟು ಕಿರ್ ಎಂದಿತು. ನೋಡಿದರೆ ಓನರ್!

"ಬಸ್ಸಲ್ಲಿ ಒಂದೇ ಸೀಟಿತ್ತು, ನಮ್ಮೋಳನ್ನ ಹತ್ತಿಸಿ ಬಂದೆ. ಏನಿದು ಹೊಗೆ?"

ಗಡಿಯಾರದವನು ಡಬ್ಬಕ್ಕೆ ಅಡ್ಡ ನಿಂತ. "ಸೊ... ಸೊಳ್ಳೆ ಸಾರ್. ಸೊಳ್ಳೆಗೆ ಹೊಗೆ ಹಾಕ್ತಿದ್ದೀನಿ."

ಬಡಗಿ ಸಾಕ್ಷಿಗೆಂದು ತನ್ನ ಕೆನ್ನೆಗೆ ತಾನೇ ಫಟಾರನೆ ಹೊಡೆದುಕೊಂಡ. "ಊರೆಲ್ಲ ಜ್ವರ ಸಾರ್," ಎನ್ನುತ್ತ ನರ್ಸಮ್ಮ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದಳು.

ಓನರ್ ಕಣ್ಣುಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡರು. "ಒಳ್ಳೇ ಕೆಲಸ. ನನ್ನ ರೂಮಲ್ಲೂ ವಿಪರೀತ ಸೊಳ್ಳೆ. ಒಲೆ ಸಮೇತ ಡಬ್ಬ ಮೇಲೆ ತಂದಿಡು."

"ಸಾರ್, ಅದು ಬಿಸಿ..."

"ಮನೆ ಬೇಕೋ ಬೇಡ್ವೋ?"

ತಂದಿಟ್ಟ. ಬಾಗಿಲು ಮುಚ್ಚಿತು, ಚಿಲಕವೂ ಬಿತ್ತು. ಈಗ ಮುಚ್ಚಳ ತೆಗೆಯುತ್ತಾರೆ, ಈಗ ಕೂಗುತ್ತಾರೆ ಎಂದು ಮೂವರೂ ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟು ಕೂತರು. ಒಳಗೆ ಹೆಂಡತಿ ಪಾತ್ರೆಪಡಗ ಗಂಟು ಕಟ್ಟತೊಡಗಿದಳು. ಮೇಲಿನಿಂದ ಮಾತ್ರ ಸದ್ದೇ ಇಲ್ಲ.

ಸಂಜೆ ಓನರ್ ತಾವೇ ಡಬ್ಬ ಹಿಡಿದು ಇಳಿದುಬಂದರು. ಡಬ್ಬ ಫಳಫಳ ಹೊಳೆಯುತ್ತಿತ್ತು.

"ಸೊಳ್ಳೆ ಒಂದೂ ಉಳಿದಿಲ್ಲ," ಎಂದು ಮೀಸೆ ಒರೆಸಿಕೊಂಡರು. "ಮೇಲಿನ ಜಾಲರೀವು ಹದವಾಗಿದ್ವು. ಕೆಳಗಿನ ದಪ್ಪ ಸೊಳ್ಳೆ ಮಾತ್ರ ಇನ್ನೊಂಚೂರು ಬೇಯ್ಬೇಕಿತ್ತು. ಯಾರೋ ಪದೇ ಪದೇ ಮುಚ್ಚಳ ತೆಗ್ದಿದ್ದಾರೆ."

ಬಡಗಿಯೂ ನರ್ಸಮ್ಮನೂ ನೆಲ ನೋಡಿದರು.

"ವಾಸನೆ ಆಗ್ದೇ ಇರೋದು ನಮ್ಮೋಳಿಗಪ್ಪ, ನನಗಲ್ಲ. ಮುಂದಿನ ಭಾನುವಾರಾನೂ ಮಗಳ ಮನೆಗೆ ಹೋಗ್ತಾಳೆ. ಅವತ್ತು ಸೊಳ್ಳೆ ಜಾಸ್ತಿ ಇರುತ್ತೆ. ಹೊಗೆ ಹಾಕ್ಲಿಲ್ಲ ಅಂದ್ರೆ ಗೊತ್ತಲ್ಲ, ಗಂಟುಮೂಟೆ."

ತೇಗುತ್ತ ಮೆಟ್ಟಿಲು ಹತ್ತಿ ಹೋದರು. ಕೈಗೆ ಬಂದ ತುತ್ತು ಬಾಯಿಗಂತೂ ಬರಲಿಲ್ಲ, ಮೂಗಿಗಾದರೂ ಬರಲಿ ಎಂದು ಗಡಿಯಾರದವನು ಡಬ್ಬದೊಳಗೆ ತಲೆ ತೂರಿಸಿದ. ಬರೀ ಸೋಪಿನ ವಾಸನೆ.