ಕನಕಾಂಬರ ಬಣ್ಣದ ವರ

ಹೊಗಳುವುದು ಬೇಡ, ಬೈಯದೆ ಇದ್ದರೆ ಸಾಕು ಎಂಬ ಮಟ್ಟಕ್ಕೆ ವಾದಿರಾಜರು ಇಳಿದಿದ್ದರು. ಅಷ್ಟಾದರೂ ನ್ಯಾಯ ಬೇಡವೆ? ಎನ್.ಆರ್. ಕಾಲೋನಿಯ ಮನೆಯ ಮುಂದಿನ ರೂಮಿನಲ್ಲಿ ಹೆಂಡತಿ ಸುಪ್ರಜಾ ನಡೆಸುವ ವಧೂವರರ ಕೇಂದ್ರಕ್ಕೆ ಕಂಪ್ಯೂಟರ್ ಪ್ರೋಗ್ರಾಮು ಬರೆದುಕೊಟ್ಟವರು ಅವರೇ, ಅದೂ ಪುಕ್ಕಟೆ. (ಸಂಭಾವನೆಯೆಂದು ಒಂದು ಲೋಟ ಕಾಫಿ ಇತ್ತು, ಅದನ್ನೂ ಅವರೇ ಮಾಡಿಕೊಳ್ಳಬೇಕಿತ್ತು.)

"ರೀ, ಈ ಪಟ್ಟೀಲಿ ಗಂಡುಗಳೆಲ್ಲಾ ಒಂದೇ ಥರ ಕಾಣ್ತಾರೆ. ಜಾತಕ ಬಂದಿರೋರ ಸಾಲಿಗೆ ಕನಕಾಂಬರ ಬಣ್ಣ ಹಾಕ್ಕೊಡಿ" ಎಂದಳು ಸುಪ್ರಜಾ.

"ಅರ್ಧ ಗಂಟೆ ಕೆಲಸ" ಎಂದುಬಿಟ್ಟರು. ಅಲ್ಲೇ ಕೆಟ್ಟಿದ್ದು. ಇಡೀ ಪಟ್ಟಿಗೆ ಒಂದು ಬಣ್ಣ ಕೇಳಿದರೆ ಆ ಕಂಪ್ಯೂಟರು ಕೊಡುತ್ತಿತ್ತು. ಸಾಲಿಗೊಂದು ಬಣ್ಣ ಎಂದರೆ ಮೊಂಡು ಹಿಡಿಯುತ್ತಿತ್ತು.

"ನಾನು ಬರೆದ ಪ್ರೋಗ್ರಾಮು ನನ್ನ ಮಾತೇ ಕೇಳಲ್ಲ ಅಂದ್ರೆ ಏನರ್ಥ?"

"ಈ ಮನೇದೇ ತಾನೆ. ಅಭ್ಯಾಸ ಆಗಿರುತ್ತೆ."

ಕೆರಳಿದ ವಾದಿರಾಜರು ಬಣ್ಣ ಬಳಿಯುವ ಅಧಿಕಾರವನ್ನೇ ಕಂಪ್ಯೂಟರಿನಿಂದ ಕಿತ್ತುಕೊಂಡರು. ಇನ್ನು ಪ್ರತಿ ಸಾಲಿನ ಹಿನ್ನೆಲೆ, ಅಕ್ಷರ, ಅಂಚು ಸಮಸ್ತವೂ ಅವರ ಅಪ್ಪಣೆಯಂತೆ! ಮೊದಲು ಬಂದದ್ದು ಕಾವಿ. ("ಇದನ್ನ ನೋಡಿದೋರು ಮದ್ವೆ ಬಿಟ್ಟು ಸನ್ಯಾಸ ತಗೋತಾರೆ!") ಆಮೇಲೆ ಇಟ್ಟಿಗೆ ಕೆಂಪು. ಕೊನೆಗೆ ಸುಪ್ರಜಾ ಗಾಂಧಿಬಜಾರಿನಿಂದ ಒಂದು ಮೊಳ ಹೂವನ್ನೇ ತಂದು, ಪರದೆಯ ಪಕ್ಕ ಹಿಡಿದು ನೋಡಿ, ಹೂಂ ಎಂದಳು. ಶಹಭಾಸ್ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಗಂಗಾಧರಯ್ಯನವರು ಹೆಂಡತಿಯೊಡನೆ ಮಗಳಿಗೆ ವರ ಹುಡುಕಲು ಬಂದರು. ಸುಪ್ರಜಾ ಶ್ರೀಹರಿ ಎಂಬ ಹುಡುಗನ ಹೆಸರನ್ನು ಒತ್ತಿದಳು. ಒತ್ತಿದ ತಕ್ಷಣ ಶ್ರೀಹರಿ ಮಾಯ!

"ಎಲ್ಲಮ್ಮ ಹುಡುಗ?" ಎಂದರು ಗಂಗಾಧರಯ್ಯ.

"ಈಗ ಇಲ್ಲೇ ಇದ್ನಲ್ಲ..."

ವಾದಿರಾಜರಿಗೆ ಹೊಳೆಯಿತು. ಆರಿಸಿದ ಸಾಲಿಗೆ ಅವರು ಬಿಳಿ ಅಕ್ಷರ ಕೊಟ್ಟಿದ್ದರು. ಜಾತಕ ಬಾರದ ಶ್ರೀಹರಿಯ ಹಿನ್ನೆಲೆಯೂ ಬಿಳಿ.

"ಇದಾನೆ ಸಾರ್, ಕಾಣಿಸ್ತಿಲ್ಲ ಅಷ್ಟೆ."

"ಕಾಣಿಸ್ದೇ ಇರೋನ್ಗೆ ಮಗಳನ್ನ ಧಾರೆ ಎರೀಲೇನ್ರೀ?"

ಒಂದು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಮಾತೇ! ಉರಿದುಹೋದ ವಾದಿರಾಜರು ಹೆಂಡತಿಯನ್ನು ಕುರ್ಚಿಯಿಂದ ಎಬ್ಬಿಸಿ, ತಾವು ಕೂತು, ಟಕಟಕನೆ ಸರಿಮಾಡಿದರು.

"ತಗೊಳ್ಳಿ. ಈಗ ಯಾರನ್ನ ಬೇಕಾದ್ರೂ ಒತ್ತಿ!" ಎಂದು ಗುಡುಗಿದರು.

ಗಂಗಾಧರಯ್ಯನವರ ಹೆಂಡತಿ ಪಟ್ಟಿಯ ಕೆಳಗೆ ಹೊಳೆಯುತ್ತಿದ್ದ ಕನಕಾಂಬರದ ಸಾಲೊಂದರ ಮೇಲೆ ಬೆರಳಿಟ್ಟರು. "ಇದು ಚೆನ್ನಾಗಿದೆ ನೋಡಿ. ವಾದಿರಾಜ. ಇಪ್ಪತ್ತೆಂಟು ವರ್ಷ, ಸ್ವಂತ ಮನೆ, ಶಾಂತ ಸ್ವಭಾವ. ಹುಡುಗ ಹೇಗಮ್ಮ?"

ಬಣ್ಣ ಸರಿಯಾಗಿ ಬರುತ್ತದೋ ಇಲ್ಲವೋ ನೋಡಲೆಂದು ತಮ್ಮದೇ ಹೆಸರು ಸೇರಿಸಿ, ಅಳಿಸುವುದನ್ನು ಮರೆತಿದ್ದ ವಾದಿರಾಜರು ಆ ಸಾಲನ್ನು ಅಂಗೈಯಿಂದ ಮುಚ್ಚಲು ನೋಡಿದರು.

ಸುಪ್ರಜಾ ಪರದೆಯನ್ನು ನೋಡಿದಳು, ಗಂಡನನ್ನು ನೋಡಿದಳು, ನಿಧಾನವಾಗಿ ಹೇಳಿದಳು:

"ಹುಡುಗ ಪರವಾಗಿಲ್ಲಮ್ಮ. ವಯಸ್ಸು ನಲವತ್ತೊಂಬತ್ತು, ಮನೆ ನಮ್ಮಪ್ಪಂದು, ಶಾಂತ ಸ್ವಭಾವ ನೀವೇ ಈಗ ನೋಡಿದ್ರಿ. ಹೆಂಡ್ತಿ ನಾನು."